ಜಾಯಿಕಾಯಿ ನಾಡಿನ ಮೇಲೆ ಐವಾನ್: ಒಂದು ಪ್ರಕರಣ ಅಧ್ಯಯನ

2004ರ ಸೆಪ್ಟೆಂಬರ್ 7ರಂದು ಐವಾನ್ ಚಂಡಮಾರುತ ಕೆರಿಬಿಯನ್ ಸಮುದ್ರದ ಗ್ರೆನೇಡಾ ದ್ವೀಪವನ್ನು ದಾಟಿಹೋಗಲು ತೆಗೆದುಕೊಂಡದ್ದು ಕೆಲವೇ ಗಂಟೆ. ಅಷ್ಟರಲ್ಲಿ 39 ಜನ ಸತ್ತರು, ದೇಶದ ನೂರರಲ್ಲಿ 89 ಮನೆಗಳು ಜಖಂ ಆದವು, ಎರಡು ವರ್ಷದ ರಾಷ್ಟ್ರೀಯ ಉತ್ಪನ್ನವನ್ನೂ ಮೀರಿದ ನಷ್ಟವಾಯಿತು. ಮನೆಗಳಿಗೆ ಮತ್ತೆ ಶೀಟು ಬಂತು. ಶಾಲೆಗಳು ತೆರೆದವು. ಸಾಲ ಕೊಟ್ಟವರೊಂದಿಗೆ ದೇಶ ಹೊಸ ಬಗೆಯ ಕರಾರು ಮಾಡಿಕೊಂಡಿತು. ಆದರೆ ತನ್ನ ಧ್ವಜದ ಮೇಲೆಯೇ ಚಿತ್ರ ಬರೆಸಿಕೊಂಡಿರುವ ಜಾಯಿಕಾಯಿ ಬೆಳೆ ಮಾತ್ರ ದಶಕ ಕಳೆದರೂ ಹಳೆಯ ಇಳುವರಿಯ ಹತ್ತಿರಕ್ಕೆ ಬರಲಿಲ್ಲ. ಉಳಿದದ್ದೆಲ್ಲ ಎದ್ದು ನಿಂತಾಗ ಇದೊಂದು ಏಕೆ ಮಲಗಿಯೇ ಇತ್ತು ಎಂಬುದು ನನ್ನ ಪ್ರಶ್ನೆ.

ಅಡಿಕೆ ತೋಟದ ನಡುವೆ ನಾಲ್ಕಾರು ಜಾಯಿಕಾಯಿ ಮರ ಇಟ್ಟುಕೊಂಡಿರುವ ಶಿರಸಿ, ಪುತ್ತೂರು ಕಡೆಯವರಿಗೆ ಈ ಪ್ರಶ್ನೆ ತೀರಾ ದೂರದ್ದಲ್ಲ. ಹಾಗೆಂದು ಇದು ನಮ್ಮ ಕಥೆಯಲ್ಲ, ಗ್ರೆನೇಡಾದ್ದೇ.

ಬರಹದಲ್ಲಿ ಯಾರ ಹೆಸರೂ ಇಲ್ಲ. ಅಧಿಕಾರದಲ್ಲಿದ್ದವರನ್ನು ಹುದ್ದೆಯಿಂದಷ್ಟೇ ಕರೆದಿದ್ದೇನೆ. 'ಬೆಳೆಗಾರ' ಎಂದು ಬರುವಾತ ಒಬ್ಬನೇ ಮನುಷ್ಯನಲ್ಲ. ಪಶ್ಚಿಮ ಕರಾವಳಿಯ ಗ್ವಾವ್ ಊರಿನ ಮೇಲಿನ ಗುಡ್ಡಗಳಲ್ಲಿ ಎರಡು ಮೂರು ಎಕರೆ ಇಟ್ಟುಕೊಂಡವರ ಪರಿಸ್ಥಿತಿಯನ್ನು ಒಟ್ಟುಮಾಡಿ ಒಬ್ಬನ ಮೂಲಕ ಹೇಳಿದ್ದೇನೆ. ಊರು, ದಿನಾಂಕ, ಅಂಕಿ ಕಲ್ಪನೆಯವಲ್ಲ.

ಹಿನ್ನೆಲೆ

ಗ್ರೆನೇಡಾ ಎಂದರೆ ಮೂರು ದ್ವೀಪಗಳ ದೇಶ: ದೊಡ್ಡದಾದ ಗ್ರೆನೇಡಾ, ಉತ್ತರಕ್ಕೆ ಕ್ಯಾರಿಯಾಕೂ, ಅದರ ಪಕ್ಕದಲ್ಲಿ ಪುಟಾಣಿ ಪೆಟೀಟ್ ಮಾರ್ಟಿನೀಕ್. ಎಲ್ಲ ಸೇರಿದರೂ 344 ಚದರ ಕಿ.ಮೀ., ಬೆಂಗಳೂರು ಮಹಾನಗರದ ಅರ್ಧವೂ ಇಲ್ಲ. ಜನಸಂಖ್ಯೆ ಒಂದು ಲಕ್ಷದ ಆಸುಪಾಸು. ಇಂಡೋನೇಷ್ಯಾದ ಬಾಂಡಾ ದ್ವೀಪಗಳ ಮೂಲದ ಜಾಯಿಕಾಯಿ ಇಲ್ಲಿಗೆ ಬಂದದ್ದು 1843ರಲ್ಲಿ. ಜ್ವಾಲಾಮುಖಿಯ ಮಣ್ಣು, ಮೋಡ ಕಟ್ಟುವ ಗುಡ್ಡ, ಇಳಿಜಾರು ಅದಕ್ಕೆ ಹೇಳಿ ಮಾಡಿಸಿದಂತಿದ್ದವು. 1947ರಲ್ಲಿ ಬೆಳೆಗಾರರ ಸಹಕಾರ ಸಂಘ ಆಯಿತು. ಐವಾನ್ ಬರುವ ಹೊತ್ತಿಗೆ ಜಾಯಿಕಾಯಿಯಲ್ಲಿ ಇಂಡೋನೇಷ್ಯಾ ಬಿಟ್ಟರೆ ಜಗತ್ತಿನ ಮುಂದಿನ ಹೆಸರು ಗ್ರೆನೇಡಾದ್ದೇ. ನೇರವಾಗಿಯೋ ಬಳಸಿಯೋ ಸುಮಾರು 30,000 ಜನರಿಗೆ ಅದರಿಂದ ಅನ್ನ.

ಈ ಬೆಳೆಯ ಸ್ವಭಾವ ತಿಳಿಯದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ. ಜಾಯಿಕಾಯಿ ಮರ ಹತ್ತುವ ಗೋಜಿಲ್ಲ. ಕಾಯಿ ಬಲಿತು ಸೀಳುತ್ತದೆ, ಒಳಗಿನ ಕೆಂಪು ಜಾಪತ್ರೆ ಹೊದ್ದ ಬೀಜ ತಾನಾಗಿ ಕೆಳಗೆ ಬೀಳುತ್ತದೆ. ವಯಸ್ಸಾದವರೂ ಬುಟ್ಟಿ ಹಿಡಿದು ಹೆಕ್ಕಬಹುದು. ವರ್ಷವಿಡೀ ಅಷ್ಟಿಷ್ಟು ಬೀಳುತ್ತಲೇ ಇರುತ್ತದೆ, ಸಂಘದ ಖರೀದಿ ಕೇಂದ್ರಕ್ಕೆ ಒಯ್ದರೆ ಕೈಗೆ ಕಾಸು, ವರ್ಷದ ಕೊನೆಗೆ ಲಾಭದ ಪಾಲು ಬೇರೆ. ಗ್ವಾವ್‌ನ ಸಂಸ್ಕರಣಾ ಕೇಂದ್ರದಲ್ಲಿ ಬೀಜಗಳನ್ನು ಮರದ ತಟ್ಟೆಗಳಲ್ಲಿ ವಾರಗಟ್ಟಲೆ ಒಣಗಿಸಿ, ಚಿಪ್ಪು ಒಡೆದು, ನೀರಿಗೆ ಹಾಕುತ್ತಾರೆ. ಮುಳುಗಿದ್ದು ಒಳ್ಳೆಯದು, ತೇಲಿದ್ದು ಹಗುರ ಮಾಲು. ಜಾಪತ್ರೆಯನ್ನು ಕತ್ತಲೆ ಕೋಣೆಯಲ್ಲಿ ತಿಂಗಳುಗಟ್ಟಲೆ ಇಟ್ಟರೆ ಕೆಂಪು ಹೋಗಿ ಜೇನುಬಣ್ಣಕ್ಕೆ ತಿರುಗುತ್ತದೆ. ಆಳು ಕಡಿಮೆ, ಗೊಬ್ಬರ ಕಡಿಮೆ, ಚಿಂತೆ ಕಡಿಮೆ. ಹೀಗಾಗಿ ತೋಟಗಳು ಮುದಿಯಾದವು, ತೋಟದ ಯಜಮಾನರೂ ಮುದುಕರಾದರು. ಇಬ್ಬರನ್ನೂ ಬದಲಿಸುವ ಅವಸರ ಯಾರಿಗೂ ಇರಲಿಲ್ಲ.

ಚಂಡಮಾರುತದ ವಿಷಯದಲ್ಲೂ ಇದೇ ನಿಶ್ಚಿಂತೆ. ಗ್ರೆನೇಡಾ ಇರುವುದು ಉತ್ತರ ಅಕ್ಷಾಂಶ 12 ಡಿಗ್ರಿಯಲ್ಲಿ. ಭೂಮಿ ತಿರುಗುವುದರಿಂದ ಗಾಳಿಗೆ ಸಿಗುವ ತಿರುವು ಸಮಭಾಜಕದ ಹತ್ತಿರ ಬಂದಷ್ಟೂ ಸೊರಗುತ್ತದೆ. ಆದ್ದರಿಂದ ದೊಡ್ಡ ಚಂಡಮಾರುತಗಳು ಸಾಮಾನ್ಯವಾಗಿ ಇನ್ನೂ ಉತ್ತರದ ದಾರಿ ಹಿಡಿಯುತ್ತವೆ. 'ನಾವು ಚಂಡಮಾರುತದ ಪಟ್ಟಿಯ ಹೊರಗಿದ್ದೇವೆ' ಎಂಬುದು ಅಲ್ಲಿನ ಸಾಮಾನ್ಯ ಮಾತಾಗಿತ್ತು. 1955ರ ಸೆಪ್ಟೆಂಬರ್‌ನಲ್ಲಿ ಜಾನೆಟ್ ಬಂದು ನೂರಕ್ಕೂ ಹೆಚ್ಚು ಜನರನ್ನು ಕೊಂದು, ಜಾಯಿಕಾಯಿ ತೋಟಗಳನ್ನು ನೆಲಕ್ಕೆ ಕೆಡವಿದ್ದು ನಿಜ. ಆದರೆ ಐವತ್ತು ವರ್ಷ ಎಂದರೆ ಎರಡು ತಲೆಮಾರು. 2004ರಲ್ಲಿ ನಿಂತಿದ್ದ ಬಹುಪಾಲು ಮರಗಳು ಜಾನೆಟ್ ಬಂದುಹೋದ ಮೇಲೆ ನೆಟ್ಟವು. ಅವು ಫಲಕ್ಕೆ ಬರುವಷ್ಟರಲ್ಲಿ ಮೊದಲ ಮರಗಳು ಬಿದ್ದ ಕಥೆ ಮರೆತುಹೋಗಿತ್ತು.

ಸಮಸ್ಯೆ ಬಂದ ದಾರಿ

ಐವಾನ್ ಹುಟ್ಟಿದ್ದು ಆಫ್ರಿಕಾದ ಪಶ್ಚಿಮ ತೀರದಿಂದ ಆಗಸ್ಟ್ ಕೊನೆಗೆ ಹೊರಟ ಒಂದು ಗಾಳಿಯ ಅಲೆಯಿಂದ. ಸೆಪ್ಟೆಂಬರ್ 2ಕ್ಕೆ ವಾಯುಭಾರ ಕುಸಿತ, 3ಕ್ಕೆ ಹೆಸರು, 5ಕ್ಕೆ ಚಂಡಮಾರುತ. ಅದೇ 5ರಂದು ಅದು 10 ಡಿಗ್ರಿಗಿಂತ ತುಸುವೇ ಮೇಲೆ ನಾಲ್ಕನೇ ದರ್ಜೆಗೆ ಏರಿತು (ಚಂಡಮಾರುತದ ಬಲವನ್ನು ಒಂದರಿಂದ ಐದರವರೆಗೆ ಅಳೆಯುತ್ತಾರೆ, ಐದೇ ಅತಿ ಬಲ). ಅಷ್ಟು ದಕ್ಷಿಣದಲ್ಲಿ ಅಷ್ಟು ಬಲ ಪಡೆದದ್ದು ಅಟ್ಲಾಂಟಿಕ್ ದಾಖಲೆಗಳಲ್ಲಿ ಅಲ್ಲಿಯವರೆಗೆ ಇರಲಿಲ್ಲ. ಬಾರ್ಬಡೋಸ್‌ನ ದಕ್ಷಿಣಕ್ಕೆ ಸರಿದು 7ರ ಸಂಜೆಯ ಹೊತ್ತಿಗೆ ಅದರ ಕಣ್ಣು, ಎಂದರೆ ನಡುವಿನ ಶಾಂತ ಭಾಗ, ಗ್ರೆನೇಡಾದ ದಕ್ಷಿಣ ತುದಿಯನ್ನು ಕೆಲವೇ ಮೈಲಿ ಅಂತರದಲ್ಲಿ ಸವರಿಕೊಂಡು ಹೋಯಿತು. ಆಗ ಅದು ಮೂರನೇ ದರ್ಜೆಯ ಚಂಡಮಾರುತ, ಗಾಳಿ ಗಂಟೆಗೆ ಹತ್ತಿರಹತ್ತಿರ 200 ಕಿ.ಮೀ.

ಕಣ್ಣು ದ್ವೀಪದ ಮೇಲೆ ಹಾಯಲಿಲ್ಲವಲ್ಲ, ಪುಣ್ಯ ಎನ್ನಿಸಬಹುದು. ಆದದ್ದು ತಿರುಗುಮುರುಗು. ಪಶ್ಚಿಮಕ್ಕೆ ಸಾಗುವ ಚಂಡಮಾರುತದಲ್ಲಿ ಸುತ್ತುವ ಗಾಳಿಯ ವೇಗಕ್ಕೆ ಮುಂದೆ ಸಾಗುವ ವೇಗವೂ ಕೂಡಿಕೊಳ್ಳುವುದು ಉತ್ತರದ ಮಗ್ಗುಲಲ್ಲಿ. ಕಣ್ಣಿನ ಉತ್ತರದ ಗೋಡೆ, ಎಂದರೆ ಅತಿ ಬಿರುಸಾದ ಭಾಗ, ರಾಜಧಾನಿ ಸೇಂಟ್ ಜಾರ್ಜಸ್ ಮೇಲೆಯೇ ಬಂತು. ಮಳೆಗಿಂತ ಗಾಳಿಯೇ ಹಾನಿ ಮಾಡಿತು.

ಗಾಳಿ ಮೊದಲು ಹಿಡಿದದ್ದು ಚಾವಣಿಗಳನ್ನು. ಅಲ್ಲಿನ ಸಾಮಾನ್ಯ ಮನೆಗೆ ಮರದ ಪಕಾಸು, ಅದರ ಮೇಲೆ ರೀಪು, ಮೇಲೆ ಜಿಂಕ್ ಶೀಟು. ಪಕಾಸನ್ನು ಗೋಡೆಗೆ ಬಿಗಿಯುವ ಉಕ್ಕಿನ ಪಟ್ಟಿ ಬಹುತೇಕ ಮನೆಗಳಿಗೆ ಇರಲಿಲ್ಲ, ಮೊಳೆಯೂ ಧಾರಾಳವಿರಲಿಲ್ಲ. ಗಾಳಿ ಮೊದಲು ಸೂರಿನ ಹೊರಚಾಚಿದ ಅಂಚಿನ ಅಡಿಗೆ ಕೈ ಹಾಕುತ್ತದೆ. ಒಂದು ಕಿಟಕಿ ಒಡೆದರೆ ಒಳನುಗ್ಗಿದ ಗಾಳಿ ಒಳಗಿನಿಂದಲೂ ಎತ್ತುತ್ತದೆ. ಒಂದು ಶೀಟು ಎದ್ದರೆ ಪಕ್ಕದ್ದು ಸಡಿಲ, ಹಾರಿದ ಶೀಟು ಮುಂದಿನ ಮನೆಯ ಕಿಟಕಿಗೆ ಬೀಸುಗತ್ತಿ. ಕಟ್ಟಡ ನಿಯಮಾವಳಿ ಕಾಗದದಲ್ಲಿತ್ತು, ಜಾರಿಗೆ ತರುವವರಿರಲಿಲ್ಲ. 75 ಸರ್ಕಾರಿ ಶಾಲೆಗಳಲ್ಲಿ 73 ಜಖಂ. ಆಶ್ರಯ ತಾಣ ಎಂದು ಗುರುತಿಸಿದ್ದ ಕಟ್ಟಡಗಳ ಚಾವಣಿಯೂ ಹಾರಿತು. ಸಂಸತ್ತು ಕೂರುತ್ತಿದ್ದ ಯಾರ್ಕ್ ಹೌಸ್ ಪಾಳುಬಿತ್ತು.

ಪ್ರಧಾನಿಯ ಅಧಿಕೃತ ನಿವಾಸ ನಾಶವಾಗಿ, ಅವರು ತೀರಕ್ಕೆ ಬಂದಿದ್ದ ಬ್ರಿಟಿಷ್ ಯುದ್ಧನೌಕೆ ರಿಚ್ಮಂಡ್‌ನಿಂದ ಆಡಳಿತ ನಡೆಸಬೇಕಾಯಿತು. ರಿಚ್ಮಂಡ್ ಹಿಲ್ ಮೇಲಿನ ಹಳೆಯ ಜೈಲಿನ ಗೋಡೆ ಕುಸಿದು ಕೈದಿಗಳು ಹೊರಬಂದರು. ಅಂಗಡಿಗಳ ಲೂಟಿ ನಡೆಯಿತು. ಪರಿಹಾರ ಕಾರ್ಯ ನಡೆಸಬೇಕಿದ್ದ ತುರ್ತು ಕಚೇರಿಯೇ ಗಾಳಿಗೆ ಸಿಕ್ಕಿ ಕೈಚೆಲ್ಲಿತ್ತು. ನೆರೆಯ ದ್ವೀಪಗಳಿಂದ ಪೊಲೀಸರು, ಸೈನಿಕರು ಬಂದ ಮೇಲೆ, ಕರ್ಫ್ಯೂ ಹಾಕಿದ ಮೇಲೆ ಊರು ಹಿಡಿತಕ್ಕೆ ಬಂತು. ಈ ಕೆಲವು ದಿನ ದೇಶಕ್ಕೆ ತನ್ನದೇ ಆದ ಸರ್ಕಾರ ಹೆಸರಿಗಷ್ಟೇ ಇತ್ತು ಎಂದರೆ ಉತ್ಪ್ರೇಕ್ಷೆಯಲ್ಲ.

ಐವಾನ್ ಅಲ್ಲಿಗೆ ನಿಲ್ಲಲಿಲ್ಲ. 9ರಂದು ಐದನೇ ದರ್ಜೆಗೆ ಏರಿತು. 11ರಂದು ಜಮೈಕಾದ ದಕ್ಷಿಣ ತೀರವನ್ನು ಉಜ್ಜಿಕೊಂಡು ಹೋಗಿ 17 ಜನರನ್ನು ಬಲಿ ತೆಗೆದುಕೊಂಡಿತು. 12ರಂದು ಗ್ರ್ಯಾಂಡ್ ಕೇಮನ್ ದ್ವೀಪಕ್ಕೆ ಸಮುದ್ರವನ್ನೇ ನುಗ್ಗಿಸಿತು. ಮುಂದಿನದು ಕ್ಯೂಬಾದ ಪಶ್ಚಿಮ ತುದಿ. ಅಲ್ಲಿ ಸರ್ಕಾರ ಮುಂಚೆಯೇ ಹತ್ತು ಲಕ್ಷಕ್ಕೂ ಹೆಚ್ಚು ಜನರನ್ನು ಸ್ಥಳಾಂತರಿಸಿತ್ತು, ಒಬ್ಬರೂ ಸಾಯಲಿಲ್ಲ. 16ರಂದು ಅಮೆರಿಕದ ಅಲಬಾಮಾ ತೀರ. ಅಲ್ಲಿಂದ ಒಳನಾಡಿಗೆ ಹೋಗಿ ಸತ್ತಿತು ಎಂದುಕೊಂಡಿದ್ದ ಅದರ ಅವಶೇಷ ಅಟ್ಲಾಂಟಿಕ್‌ಗೆ ಇಳಿದು, ಫ್ಲಾರಿಡಾ ದಾಟಿ, ಮೆಕ್ಸಿಕೋ ಕೊಲ್ಲಿಯಲ್ಲಿ ಮತ್ತೆ ಜೀವ ಹಿಡಿದು, 24ರಂದು ಲೂಸಿಯಾನಾಕ್ಕೆ ಬಂದು ಮುಗಿಯಿತು. ಸುತ್ತು ಹೊಡೆದು ಎರಡನೇ ಸಲ ಬಂದ ಈ ದಾರಿಯೇ ಹವಾಮಾನದವರ ಕುತೂಹಲಕ್ಕೆ ಹೆಚ್ಚು ಕಾರಣವಾಯಿತು. ಐವಾನ್ ಎಂಬ ಹೆಸರನ್ನು ಚಂಡಮಾರುತಗಳಿಗೆ ಇಡುವ ಹೆಸರುಗಳ ಪಟ್ಟಿಯಿಂದ ತೆಗೆದುಹಾಕಿದರು.

ಗುಡ್ಡದ ಮೇಲೆ

ಈಗ ಬೆಳೆಗಾರನ ಬಳಿಗೆ. ವಯಸ್ಸು ಅರುವತ್ತು ದಾಟಿದೆ. ತೋಟ ಅಪ್ಪನ ಕಾಲದ್ದು. ಜಾಯಿಕಾಯಿಯ ನಡುವೆ ಕೋಕೋ, ಅಲ್ಲಲ್ಲಿ ಬಾಳೆ. ಐವಾನ್ ಮರುದಿನ ತೋಟಕ್ಕೆ ಹೋಗುವ ದಾರಿಯೇ ಇಲ್ಲ, ಮರಗಳು ಒಂದರ ಮೇಲೊಂದು ಅಡ್ಡಬಿದ್ದಿವೆ. ಜಾಯಿಕಾಯಿಯ ಬೇರು ಮೇಲ್ಮಣ್ಣಿನಲ್ಲೇ ಹರಡುವಂಥದ್ದು, ತಲೆ ದಟ್ಟ. ಒದ್ದೆ ಇಳಿಜಾರಿನಲ್ಲಿ ಬಿರುಗಾಳಿ ಬಂದರೆ ಕೊಂಬೆ ಮುರಿಯುವುದಿಲ್ಲ, ಬುಡವೇ ಮೇಲೇಳುತ್ತದೆ. ದೇಶದ ಜಾಯಿಕಾಯಿ ಮರಗಳಲ್ಲಿ ಹತ್ತಕ್ಕೆ ಎಂಟೊಂಬತ್ತು ಹೀಗೆ ಹೋದವು. ನೆಲದ ತುಂಬ ಎಳೆಗಾಯಿ ಚೆಲ್ಲಿತ್ತು. ಬಲಿಯದ ಕಾಯಿಯನ್ನು ಹೆಕ್ಕಿ ಪ್ರಯೋಜನವಿಲ್ಲ.

ಅವನ ಮುಂದೆ ಮೊದಲು ನಿಂತದ್ದು ಬಿದ್ದ ಮರ ತೆಗೆಯುವ ಪ್ರಶ್ನೆ. ಜಾಯಿಕಾಯಿಯ ದಿಮ್ಮಿಗೆ ಬೆಲೆ ಇಲ್ಲ. ಗರಗಸ ಯಂತ್ರ, ಪೆಟ್ರೋಲು, ಆಳು ಎಲ್ಲವೂ ಬೇಕು. ಆಳುಗಳು ಎಲ್ಲಿ? ದೇಶದ ಹತ್ತರಲ್ಲಿ ಒಂಬತ್ತು ಮನೆಗೆ ಚಾವಣಿ ಹಾಕಬೇಕಿರುವಾಗ ಸುತ್ತಿಗೆ ಹಿಡಿಯಬಲ್ಲ ಹುಡುಗರೆಲ್ಲ ಕಟ್ಟಡದ ಕೆಲಸಕ್ಕೆ ಇಳಿದಿದ್ದರು, ಕೂಲಿ ಅಲ್ಲೇ ಚೆನ್ನಾಗಿತ್ತು. ಸರ್ಕಾರ, ನೆರವು ಸಂಸ್ಥೆಗಳು ರಸ್ತೆ ಮತ್ತು ತೋಟ ತೆರವಿಗೆ ಹಣ ಕೊಟ್ಟವು. ತೆರವಾದದ್ದು ಹೆಚ್ಚಾಗಿ ರಸ್ತೆಯ ಅಂಚು. ಮೇಲಿನ ಗುಡ್ಡದಲ್ಲಿ ನೆರಳು ಹೋದ ಜಾಗಕ್ಕೆ ಬಿಸಿಲು ಬಿದ್ದು ಬಳ್ಳಿ, ಕಳೆ ನುಗ್ಗಿದವು. ಒಂದು ಮಳೆಗಾಲ ಬಿಟ್ಟರೆ ತೋಟ ಕಾಡು.

ಏನು ನೆಡುವುದು ಎಂಬಲ್ಲಿ ಕಷ್ಟ ಇನ್ನೂ ಗಂಟುಬಿತ್ತು. ಜಾಯಿಕಾಯಿ ಬೀಜಕ್ಕೆ ಆಯಸ್ಸು ಕಡಿಮೆ. ತಾಜಾ ಇರುವಾಗಲೇ ಬಿತ್ತಬೇಕು, ಒಣಗಿದರೆ ಮೊಳೆಯುವುದಿಲ್ಲ. ತಾಯಿಮರಗಳೇ ಬಿದ್ದ ವರ್ಷ ಬೀಜಕ್ಕೆ ಬರ. ನರ್ಸರಿಯಿಂದ ಸಸಿ ಸಿಕ್ಕರೂ ಎಳೆಯದಕ್ಕೆ ನೆರಳು ಬೇಕು. ನೆರಳು ಕೊಡುತ್ತಿದ್ದ ಮರಗಳು ಮಲಗಿವೆ. ಆದ್ದರಿಂದ ಮೊದಲು ಬಾಳೆ ಹಾಕಬೇಕು: ನೆರಳೂ ಆಯಿತು, ವರ್ಷದೊಳಗೆ ಗೊನೆಯೂ ಆಯಿತು. ಲೆಕ್ಕ ಸರಿಯಾಗಿಯೇ ಇತ್ತು. 2005ರ ಜುಲೈ 14ರಂದು, ಐವಾನ್ ಆಗಿ ಹತ್ತು ತಿಂಗಳಿಗೆ, ಎಮಿಲಿ ಬಂತು. ಅದು ಒಂದನೇ ದರ್ಜೆಯದಷ್ಟೇ. ಆದರೆ ಐವಾನ್ ಉಳಿಸಿದ್ದ ಉತ್ತರ ಭಾಗವನ್ನೂ ಕ್ಯಾರಿಯಾಕೂವನ್ನೂ ಹುಡುಕಿಕೊಂಡು ಬಂದಂತಿತ್ತು. ಬಾಳೆಗೆ ಒಂದನೇ ದರ್ಜೆಯೇ ಸಾಕು.

ಇಷ್ಟಾದ ಮೇಲೂ ಸಸಿ ನೆಟ್ಟನೆಂದುಕೊಳ್ಳಿ. ಜಾಯಿಕಾಯಿಯಲ್ಲಿ ಗಂಡು ಮರ, ಹೆಣ್ಣು ಮರ ಬೇರೆ ಬೇರೆ. ಬೀಜದಿಂದ ಎದ್ದ ಸಸಿ ಯಾವುದೆಂದು ಹೂ ಬಿಡುವ ತನಕ ಗೊತ್ತಾಗದು. ಅದಕ್ಕೆ ಐದರಿಂದ ಎಂಟು ವರ್ಷ. ಸುಮಾರು ಅರ್ಧಕ್ಕರ್ಧ ಗಂಡು ಬರುತ್ತದೆ, ಹತ್ತು ಹೆಣ್ಣಿಗೆ ಒಂದು ಗಂಡು ಸಾಕು, ಉಳಿದದ್ದನ್ನು ಕಡಿಯಬೇಕು. ತುಂಬು ಫಸಲಿಗೆ ಹದಿನೈದಿಪ್ಪತ್ತು ವರ್ಷ. ಗೂಟಿ ಕಟ್ಟಿ, ಎಂದರೆ ಮರದ ಮೇಲಿರುವಾಗಲೇ ಕೊಂಬೆಗೆ ಬೇರು ಬರಿಸಿ, ಹೆಣ್ಣು ಗಿಡವನ್ನೇ ಮಾಡಿಕೊಳ್ಳುವ ವಿದ್ಯೆ ಗ್ರೆನೇಡಾಕ್ಕೆ ಹೊಸದಲ್ಲ, ಜಾನೆಟ್ ನಂತರದ ದಶಕಗಳಲ್ಲೇ ಅಲ್ಲಿ ಮಾಡಿದ್ದರು. ಆದರೆ ಗೂಟಿ ಗಿಡಕ್ಕೆ ತಾಯಿಬೇರು ಇರುವುದಿಲ್ಲ. ಗಾಳಿಗೆ ಬಿದ್ದ ತೋಟದಲ್ಲಿ ಗಾಳಿಗೆ ಇನ್ನೂ ಸುಲಭವಾಗಿ ಬೀಳುವ ಗಿಡ ನೆಡಬೇಕೇ ಎಂಬ ಪ್ರಶ್ನೆಗೆ ಸುಲಭದ ಉತ್ತರವಿಲ್ಲ. ನಮ್ಮ ಕಡೆ ಬೀಜದ ಸಸಿಯ ಬೇರಿನ ಮೇಲೆ ಹೆಣ್ಣು ಮರದ ಕಡ್ಡಿ ಕೂರಿಸಿ ಕಸಿ ಮಾಡುವುದು ರೂಢಿ. ಕೋಯಿಕ್ಕೋಡಿನ ಸಂಬಾರ ಬೆಳೆಗಳ ಸಂಶೋಧನಾ ಸಂಸ್ಥೆಯ 'ವಿಶ್ವಶ್ರೀ'ಯಂಥ ತಳಿಗಳು ಹಾಗೇ ಹರಡಿದವು. ಅಂಥ ಕಸಿಗಿಡ ಅಲ್ಲಿ ಬೇಕಾದಷ್ಟು ಸಿದ್ಧವಿರಲಿಲ್ಲ. ಬಿರುಗಾಳಿ ಬಂದ ಮೇಲೆ ಸಿದ್ಧಮಾಡಿಕೊಳ್ಳೋಣ ಎನ್ನುವ ಸರಕೂ ಅದಲ್ಲ.

ಪಕ್ಕದಲ್ಲೇ ಬಿದ್ದಿದ್ದ ಕೋಕೋ ಗಿಡವನ್ನು ಈಗ ನೋಡಿ. ಅಡ್ಡ ಮಲಗಿದೆ, ಅರ್ಧ ಬೇರು ಮಣ್ಣಿನಲ್ಲೇ ಇದೆ. ಕೆಲವೇ ತಿಂಗಳಲ್ಲಿ ಬುಡದಿಂದ ನೆಟ್ಟಗೆ ಒಂದು ಚಿಗುರು ಏಳುತ್ತದೆ, ಕೋಕೋ ಬೆಳೆಗಾರರು ಚುಪಾನ್ ಎನ್ನುವುದು ಇದನ್ನೇ. ಹಳೆಯ ಕಾಂಡ ಕಡಿದು, ಚಿಗುರಿನ ಬುಡಕ್ಕೆ ಮಣ್ಣು ಏರಿಸಿದರೆ ಅದು ತನ್ನದೇ ಬೇರು ಬಿಟ್ಟು ಹೊಸ ಗಿಡವಾಗುತ್ತದೆ. ಎರಡು ಮೂರು ವರ್ಷಕ್ಕೆ ಕಾಯಿ. ಹೊಸದಾಗಿ ನೆಟ್ಟರೂ ಜಾಯಿಕಾಯಿಗಿಂತ ಬಹಳ ಬೇಗ. ಪುತ್ತೂರು ಸುತ್ತ ಕ್ಯಾಂಪ್ಕೋಗೆ ಕೋಕೋ ಕೊಡುವವರಿಗೆ ಈ ಚಿಗುರು ಬರೀ ತಲೆನೋವು, ಕಂಡ ಕೂಡಲೇ ಚಿವುಟುತ್ತಾರೆ. ಗ್ರೆನೇಡಾದ ಬೆಳೆಗಾರನಿಗೆ ಅದೇ ಚಿಗುರು ಮುಂದಿನ ಬದುಕು.

ಅವನ ನಿರ್ಧಾರ ಬಹಳ ಮಂದಿಯ ನಿರ್ಧಾರವೂ ಆಯಿತು: ಕೋಕೋ ಎಬ್ಬಿಸುವುದು, ಬಾಳೆ ಮತ್ತು ತರಕಾರಿ ಮಾಡುವುದು, ಜಾಯಿಕಾಯಿಯಲ್ಲಿ ಉಳಿದ ಹತ್ತು ಹದಿನೈದು ಮರದ ಕೆಳಗೆ ಹೆಕ್ಕುವುದು. ಮೇಲಿನ ಎಕರೆಯನ್ನು ಬಿಟ್ಟುಬಿಡುವುದು. ಇದನ್ನು ಸೋಮಾರಿತನ ಎಂದು ಯಾರಾದರೂ ಕರೆದರೆ ನಾನು ಒಪ್ಪುವುದಿಲ್ಲ. ಅರುವತ್ತು ದಾಟಿದವನು ಎಪ್ಪತ್ತಕ್ಕೆ ಹೂ ಬಿಡುವ, ಅದರಲ್ಲೂ ಅರ್ಧ ಗಂಡಾಗುವ ಗಿಡಕ್ಕೆ ಕೈಯಲ್ಲಿರುವ ಕೊನೆಯ ದುಡ್ಡು ಹಾಕುವುದಿಲ್ಲ. ಅಷ್ಟೂ ವರ್ಷ ಮನೆ ನಡೆಸುವುದು ಹೇಗೆಂದು ಅವನಿಗೆ ಯಾರೂ ಹೇಳಲಿಲ್ಲ.

ಇದರ ನಡುವೆ ಒಂದು ವ್ಯಂಗ್ಯ. ಗ್ರೆನೇಡಾದ ಮಾಲು ಮಾರುಕಟ್ಟೆಯಿಂದ ಮರೆಯಾದ ಮೇಲೆ ಜಾಯಿಕಾಯಿ ಬೆಲೆ ಏರುತ್ತ ಹೋಯಿತು, 2010ರ ಹೊತ್ತಿಗೆ ಬಹಳ ಮೇಲಿತ್ತು. ಬೆಲೆ ಬಂದಾಗ ಇವರಲ್ಲಿ ಕಾಯಿ ಇಲ್ಲ. ಬಿಟ್ಟ ಜಾಗವನ್ನು ಇಂಡೋನೇಷ್ಯಾ ತುಂಬಿತು.

ಅದೇ ಹೊತ್ತಿಗೆ ರಾಜಧಾನಿಯಲ್ಲಿ

ರಾಜಧಾನಿಯಲ್ಲಿ ನಡೆದ ಪುನರ್ನಿರ್ಮಾಣದ ವೇಗ ಬೇರೆಯೇ ಇತ್ತು. ಕ್ವೀನ್ಸ್ ಪಾರ್ಕ್ ಕ್ರಿಕೆಟ್ ಮೈದಾನ ಐವಾನ್‌ಗೆ ನಾಲ್ಕೈದು ವರ್ಷ ಮೊದಲಷ್ಟೇ ಹೊಸದಾಗಿ ಕಟ್ಟಿದ್ದು. ಅದು ಹಾಳಾಯಿತು, 2007ರ ವಿಶ್ವಕಪ್ ಪಂದ್ಯಗಳು ಅಲ್ಲಿ ನಡೆಯಬೇಕಿತ್ತು. 2005ರ ಜನವರಿಯಲ್ಲಿ ಗ್ರೆನೇಡಾ ತೈವಾನ್‌ನ ಕೈಬಿಟ್ಟು ಬೀಜಿಂಗ್ ಜೊತೆ ರಾಜತಾಂತ್ರಿಕ ಸಂಬಂಧ ಬೆಳೆಸಿತು, ಚೀನಾ ತನ್ನ ಹಣ, ತನ್ನ ಕೆಲಸಗಾರರೊಂದಿಗೆ ಬಂದು ಮೈದಾನ ಕಟ್ಟಿಕೊಟ್ಟಿತು. 2007ರ ಫೆಬ್ರವರಿಯ ಉದ್ಘಾಟನೆಯಲ್ಲಿ ಪೊಲೀಸ್ ಬ್ಯಾಂಡು ಚೀನಾದ ರಾಯಭಾರಿಯ ಎದುರಿಗೇ ತೈವಾನ್‌ನ ರಾಷ್ಟ್ರಗೀತೆ ನುಡಿಸಿಬಿಟ್ಟದ್ದು ದೊಡ್ಡ ಸುದ್ದಿಯಾಯಿತು. (ಭಾರತ ಮೊದಲ ಹಂತದಲ್ಲೇ ಹೊರಬಿದ್ದಿದ್ದರಿಂದ ನಮ್ಮವರು ಆ ಮೈದಾನವನ್ನು ಗಮನಿಸಿದ್ದು ಕಡಿಮೆ.) ಐವಾನ್ ಆಗಿ ಮೂರು ವರ್ಷ ತುಂಬುವ ಮೊದಲೇ ಅಲ್ಲಿ ವಿಶ್ವಕಪ್ ಪಂದ್ಯಗಳು ನಡೆದವು.

ಮೈದಾನ ಬೇಡವಾಗಿತ್ತು ಎಂದು ನಾನು ಹೇಳುತ್ತಿಲ್ಲ. ಪ್ರವಾಸೋದ್ಯಮವನ್ನು ನೆಚ್ಚಿಕೊಂಡ ದೇಶಕ್ಕೆ ಅದು ಬೇಕಿತ್ತು. ನನ್ನ ಗಮನ ಕಾಲಾವಧಿಯ ಮೇಲೆ. ಎರಡು ಮೂರು ವರ್ಷದಲ್ಲಿ ಮುಗಿಸಿ, ರಿಬ್ಬನ್ ಕತ್ತರಿಸಬಲ್ಲ ಕೆಲಸಕ್ಕೆ ಹಣ ತಾನಾಗಿ ಹುಡುಕಿಕೊಂಡು ಬರುತ್ತದೆ. ಶಾಲೆ, ಚರ್ಚು, ಚಾವಣಿ ಎಲ್ಲವೂ ಈ ಅವಧಿಯೊಳಗೆ ಹಿಡಿಸುವಂಥವು. ಜಾಯಿಕಾಯಿ ತೋಟ ಹಿಡಿಸದು. ನೆರವು ಸಂಸ್ಥೆಯ ಯೋಜನೆ ಮುಗಿದು ವರದಿ ಬರೆಯುವ ವರ್ಷಕ್ಕೆ ಗಿಡದ ಲಿಂಗವೂ ತಿಳಿದಿರುವುದಿಲ್ಲ.

ಸರ್ಕಾರದ ಕೈಯೂ ಬರಿದಾಗಿತ್ತು. ಪುನರ್ನಿರ್ಮಾಣಕ್ಕೆಂದು ಪ್ರತ್ಯೇಕ ಸಂಸ್ಥೆ ಮಾಡಿದರು, ಆದಾಯದ ಮೇಲೆ ವಿಶೇಷ ತೆರಿಗೆ ಹಾಕಿದರು. 2005ರಲ್ಲಿ ಸಾಲದ ಕಂತುಗಳನ್ನು ಹೊಸದಾಗಿ ಹೊಂದಿಸಿಕೊಂಡರು. ಅದೂ ಸಾಲದೆ 2013ರಲ್ಲಿ ಮತ್ತೆ ಕಂತು ತಪ್ಪಿತು. 2015ರ ಮರುಹೊಂದಾಣಿಕೆಯಲ್ಲಿ ಗ್ರೆನೇಡಾ ಬಾಂಡ್ ಕರಾರಿನಲ್ಲಿ ಹೊಸದೊಂದು ಷರತ್ತು ಬರೆಸಿಕೊಂಡಿತು: ದೊಡ್ಡ ಚಂಡಮಾರುತ ಬಂದರೆ ಕಂತು ಮುಂದೂಡುವ ಹಕ್ಕು. ಇದಕ್ಕೂ ಮೊದಲು, 2007ರಲ್ಲಿ, ಕೆರಿಬಿಯನ್ ದೇಶಗಳು ಸೇರಿ ಒಂದು ವಿಮಾ ನಿಧಿ ಕಟ್ಟಿದ್ದವು. ಅದರ ಹಿಂದೆ ಐವಾನ್ ಕೊಟ್ಟ ಪೆಟ್ಟಿತ್ತು. ಅಲ್ಲಿ ಹಾನಿಯ ಮಹಜರು ಮಾಡುತ್ತ ಕೂರುವುದಿಲ್ಲ. ಗಾಳಿ ಇಂತಿಷ್ಟು ವೇಗ ಮುಟ್ಟಿದರೆ ಇಂತಿಷ್ಟು ಹಣ, ಎರಡು ವಾರದೊಳಗೆ ಖಜಾನೆಗೆ. ಐವಾನ್ ದಿನಗಳಲ್ಲಿ ಹಡಗಿನಿಂದ ಆಡಳಿತ ನಡೆಸಿದ ದೇಶಕ್ಕೆ ಎರಡು ವಾರ ಎಂಬುದರ ಬೆಲೆ ಚೆನ್ನಾಗಿ ಗೊತ್ತಿತ್ತು.

ಫಲಿತಾಂಶ ಏನು ಹೇಳುತ್ತದೆ

ಐವಾನ್ ಬಿಚ್ಚಿಟ್ಟ ದೋಷಗಳಲ್ಲಿ ಗ್ರೆನೇಡಾ ಬೇಗ ಸರಿಪಡಿಸಿದ್ದು ಹಣದ ಹರಿವನ್ನು. ತಕ್ಕಮಟ್ಟಿಗೆ ಸರಿಯಾದದ್ದು ಚಾವಣಿ: ಉಕ್ಕಿನ ಪಟ್ಟಿ, ಹೆಚ್ಚು ಮೊಳೆ, ಇಳಿಜಾರು ಸರಿಯಿರುವ ಚಾವಣಿ ಬಗ್ಗೆ ಬಡಗಿಗಳಿಗೆ ತರಬೇತಿ ಕೊಟ್ಟರು. ಆಗದೇ ಹೋದದ್ದು ದೀರ್ಘಾವಧಿ ಬೆಳೆಯ ಪುನಶ್ಚೇತನ. ಸಸಿ ಕೊಡುವುದನ್ನೇ ಪುನಶ್ಚೇತನ ಎಂದು ಬಗೆದದ್ದು ಅದಕ್ಕೆ ಮೂಲ ಎಂದು ನನ್ನ ಅನಿಸಿಕೆ. ಸಸಿ ಈ ಖರ್ಚಿನಲ್ಲಿ ತೀರಾ ಸಣ್ಣ ಪಾಲು. ದೊಡ್ಡ ಪಾಲು ಮರ ತೆರವಿನ ಕೂಲಿ ಮತ್ತು ಗಿಡ ಫಲ ಕೊಡುವ ತನಕ ಬೆಳೆಗಾರನ ಮನೆ ಖರ್ಚು. ಬದುಕಿರುವ ಗಿಡವನ್ನು ವರ್ಷ ವರ್ಷ ಎಣಿಸಿ, ಗಿಡಕ್ಕಿಷ್ಟು ಎಂದು ಏಳೆಂಟು ವರ್ಷ ಕೊಟ್ಟಿದ್ದರೆ ಆ ಬೆಳೆಗಾರ ಮೇಲಿನ ಎಕರೆಯನ್ನು ಬಿಡುತ್ತಿದ್ದನೇ? ಬಿಡುತ್ತಿರಲಿಲ್ಲ ಎಂದೇ ನಾನು ನಂಬುತ್ತೇನೆ. ಅದಕ್ಕಾಗುವ ಹಣ ಒಂದು ಮೈದಾನದ ಖರ್ಚಿಗೆ ಹೋಲಿಸಿದರೆ ಅಸಾಧ್ಯವಾದದ್ದೇನಲ್ಲ. ಆದರೆ ಏಳೆಂಟು ವರ್ಷ ಎಂದರೆ ಎರಡು ಚುನಾವಣೆ, ಎರಡು ಮೂರು ಯೋಜನಾ ಅವಧಿ.

ತಾಯಿಮರಗಳ ಪ್ರಶ್ನೆ ಇನ್ನೊಂದಿದೆ. ದ್ವೀಪದ ಒಂದೇ ಮಗ್ಗುಲಲ್ಲಿ ಒಳ್ಳೆಯ ಮರಗಳೆಲ್ಲ ಇದ್ದರೆ ಒಂದೇ ಗಾಳಿ ಬೀಜದ ಮೂಲವನ್ನೂ ಒಯ್ಯುತ್ತದೆ. ಐವಾನ್ ದಕ್ಷಿಣಕ್ಕೆ ಹೊಡೆಯಿತು, ಎಮಿಲಿ ಉತ್ತರಕ್ಕೆ. ಚದುರಿಸಿಟ್ಟ ತಾಯಿತೋಟಗಳಿದ್ದರೆ ಪ್ರತಿ ಸಲವೂ ಯಾವುದೋ ಒಂದು ಕಡೆ ಉಳಿದಿರುತ್ತಿತ್ತು. ಇದಕ್ಕೆ ಹಣಕ್ಕಿಂತ ಮುಂದಾಲೋಚನೆ ಬೇಕು, ಅದೂ ಗಾಳಿ ಇಲ್ಲದ ವರ್ಷಗಳಲ್ಲಿ. ಜಾನೆಟ್ ಮತ್ತು ಐವಾನ್ ನಡುವೆ ಅಂಥ 49 ವರ್ಷಗಳಿದ್ದವು.

ಕೋಕೋಗೆ ಹೋದವರು ಸೋತರು ಎಂದೂ ಅಲ್ಲ. ದ್ವೀಪದಲ್ಲಿ ಈಗ ತಾವೇ ಬೆಳೆದ ಕೋಕೋದಿಂದ ಚಾಕೊಲೇಟ್ ಮಾಡುವ ಹಲವು ಸಣ್ಣ ತಯಾರಕರಿದ್ದಾರೆ, ಅದಕ್ಕೆ ಹೆಸರೂ ಬಂದಿದೆ. ದೇಶದ ಮಟ್ಟದಲ್ಲಿ ನೋಡಿದರೆ ಇದು ಒಳ್ಳೆಯ ಬದಲಾವಣೆಯೇ ಇರಬಹುದು. ಆದರೆ ಅದು ಯಾರೋ ಕೂತು ಯೋಚಿಸಿ ಆರಿಸಿದ ದಾರಿಯಲ್ಲ. ಬೇರೆ ದಾರಿಗೆ ಬೇಕಾದಷ್ಟು ವರ್ಷ ಕೈಯಲ್ಲಿಲ್ಲದ ಸಾವಿರಾರು ಜನ ಒಬ್ಬೊಬ್ಬರಾಗಿ ಹಿಡಿದದ್ದು.

2024ರ ಜುಲೈ 1ರಂದು ಬೆರಿಲ್ ನಾಲ್ಕನೇ ದರ್ಜೆಯಲ್ಲಿ, ಗಂಟೆಗೆ ಸುಮಾರು 240 ಕಿ.ಮೀ. ಗಾಳಿಯೊಂದಿಗೆ ಕ್ಯಾರಿಯಾಕೂ ಮೇಲೆ ಬಂತು. ಅಲ್ಲಿ ನೆಟ್ಟಗೆ ಉಳಿದ ಕಟ್ಟಡ ವಿರಳ. ಗ್ರೆನೇಡಾ ದ್ವೀಪದ ಉತ್ತರದ ತೋಟಗಳಿಗೂ ಏಟು ಬಿತ್ತು. ಈ ಸಲ ವಿಮಾ ನಿಧಿಯಿಂದ 4 ಕೋಟಿ ಡಾಲರ್‌ಗೂ ಹೆಚ್ಚು ಹಣ ಬಂತು, ಬಾಂಡ್ ಕರಾರಿನ ಷರತ್ತನ್ನು ಆಗಸ್ಟ್‌ನಲ್ಲಿ ಬಳಸಿ ಕಂತು ಮುಂದೂಡಿದರು. ಸಾಲ ಕೊಟ್ಟ ಖಾಸಗಿಯವರ ಎದುರು ಅಂಥ ಷರತ್ತನ್ನು ಜಗತ್ತಿನಲ್ಲಿ ಮೊದಲು ಬಳಸಿದ ದೇಶ ಗ್ರೆನೇಡಾವೇ. ಬಂದ ಹಣ ಒಂದೇ ಗಂಟು, ಬಂದದ್ದು ಸರ್ಕಾರದ ಖಜಾನೆಗೆ. ಉತ್ತರದ ಗುಡ್ಡದಲ್ಲಿ ಜಾಯಿಕಾಯಿ ಕಳೆದುಕೊಂಡವನು ಆ ವರ್ಷವೇ ಹೊಸ ಸಸಿ ನೆಟ್ಟಿದ್ದರೂ ಅದು ಗಂಡೋ ಹೆಣ್ಣೋ ತಿಳಿಯುವುದು 2030ರ ಆಸುಪಾಸು.